ತುತ್ತದ ನೆಲದ ಅಲಸಂದೆ

ನನ್ನ ಓರಗಿತ್ತಿಯ ಕೈ ಚೆನ್ನಾಗಿಲ್ಲ ಎಂದು ಆ ಮನೆಯಲ್ಲಿ ತೀರ್ಮಾನವಾಗಿ ಎಷ್ಟೋ ವರ್ಷಗಳಾದ ಮೇಲೆ ನಾನು ಅಲ್ಲಿಗೆ ಎರಡನೇ ಸೊಸೆಯಾಗಿ ಹೋದೆ. ಕೈ ಚೆನ್ನಾಗಿಲ್ಲ ಎಂದರೆ ಕೈಗೆ ಏನೋ ಆಗಿತ್ತು ಎಂದಲ್ಲ. ಬೆರಳುಗಳು ನೆಟ್ಟಗಿದ್ದವು, ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತಿರಲಿಲ್ಲ, ಹೂ ಕಟ್ಟಿದರೆ ಬಾಡುವ ತನಕ ಬಿಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಕೈಗುಣ ಇಲ್ಲ ಎಂದು ಅತ್ತೆ ಹೇಳಿಬಿಟ್ಟಿದ್ದರು. ಅವಳು ಹಾಕಿದ ಕಾಳು ಏಳಿಗೆಯಾಗುವುದಿಲ್ಲ, ಅವಳು ಮುಟ್ಟಿದ ಬೀಜ ಸೊರಗುತ್ತದೆ ಎಂದು ಅರ್ಥ. ಹಾಗಾಗಿ ಅವಳು ಹಾಲಿಗೆ ಹೆಪ್ಪು ಹಾಕುವಂತಿರಲಿಲ್ಲ, ಉಪ್ಪಿನಕಾಯಿ ಜಾಡಿಗೆ ಕೈ ಇಡುವಂತಿರಲಿಲ್ಲ, ಬಿತ್ತನೆ ದಿನ ಬೀಜದ ಮೊರದ ಹತ್ತಿರ ಸುಳಿಯುವಂತಿರಲಿಲ್ಲ. ಸಗಣಿ ಬಾಚಲು, ಮುಸುರೆ ತಿಕ್ಕಲು, ಔಷಧಿ ಡ್ರಮ್ಮು ತೊಳೆಯಲು ಮಾತ್ರ ಅದೇ ಕೈ ಚೆನ್ನಾಗಿ ನಡೆಯುತ್ತಿತ್ತು. ಅದಕ್ಕೆ ಗುಣ ಬೇಕಾಗಿರಲಿಲ್ಲವಲ್ಲ!

ಇದು ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ತವರು ಜಗಳೂರು ಸೀಮೆಯ ಬಿಳಿಚೋಡಿನ ಕಡೆ. ಕೊಟ್ಟದ್ದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಗೆ, ಬಸವಾಪಟ್ಟಣದಲ್ಲಿ ಬಸ್ಸಿಳಿದು ನಡೆದು ಹೋಗಬೇಕು. ತವರಿನಲ್ಲಿ ನಮ್ಮದು ಮಳೆ ನಂಬಿದ ಹೊಲ; ಜೋಳ, ಶೇಂಗಾ, ಜೋಳದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅಲಸಂದೆ, ತೊಗರಿ. ಗಂಡನ ಮನೆಯಲ್ಲಿ ಅಡಿಕೆ ತೋಟ. ಮದುವೆ ಗೊತ್ತಾದಾಗ ನಮ್ಮ ಕೇರಿಯ ಹೆಂಗಸರೆಲ್ಲ ನನ್ನ ಗಲ್ಲ ಹಿಡಿದು, "ನೆಳ್ಳಾಗೆ ಬಾಳುವೆ ಮಾಡ್ತೀಯ ಬಿಡವ್ವ, ಪುಣ್ಯವಂತೆ" ಎಂದರು. ನೆರಳು ಸಿಕ್ಕಿತು, ಸುಳ್ಳಲ್ಲ. ಬಿಸಿಲಿಗೆ ಬೆಳೆದವಳಿಗೆ ಮೊದಲ ತಿಂಗಳು ಆ ನೆರಳಿನಲ್ಲಿ ಮೂಗು ಸೋರಿಕೊಂಡೇ ಇತ್ತು.

ನನಗೆ ನನ್ನ ಕೈಯ ಬಗ್ಗೆ ಜಂಬವಿತ್ತು. ಅದನ್ನು ಮುಚ್ಚಿಡುವುದೇಕೆ? ನಮ್ಮೂರಿನಲ್ಲಿ ಬಿತ್ತನೆ ದಿನ ಪಕ್ಕದ ಹೊಲದವರೂ ನನ್ನನ್ನು ಕರೆದು, "ಮೊದಲ ಕಾಳು ಹಾಕಿ ಹೋಗವ್ವ" ಎನ್ನುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ದೊಡ್ಡ ಮನುಷ್ಯಳ ಹಾಗೆ ಹೋಗಿ ಹಾಕಿ ಬರುತ್ತಿದ್ದೆ. ಬೆಳೆ ಬಂದ ವರ್ಷ ನನ್ನ ಹೆಸರು ಹೇಳುತ್ತಿದ್ದರು. ಬಾರದ ವರ್ಷ ಮಳೆಯನ್ನು ಬೈಯುತ್ತಿದ್ದರು. ಎರಡೂ ನನಗೆ ಅನುಕೂಲವಾಗಿಯೇ ಇತ್ತು.

ಗಂಡನ ಮನೆಯಲ್ಲಿ ಒಂದು ಪದ್ಧತಿ. ಹೊಸ ಸೊಸೆ ಬಂದ ವರ್ಷ, ಮುಂಗಾರಿನಲ್ಲಿ ನೆಲ ಹದವಾದ ಮೇಲೆ, ತೋಟದ ಬಾವಿಕಟ್ಟೆಯ ಪಕ್ಕದಲ್ಲಿರುವ ತುಂಡು ನೆಲದಲ್ಲಿ ಒಂದು ಹಿಡಿ ಅಲಸಂದೆ ಹಾಕಬೇಕು. ಅದು ಹೇಗೆ ಬರುತ್ತದೆ ನೋಡಿ ಸೊಸೆಯ ಕೈಗುಣ ಹೇಳುತ್ತಿದ್ದರು. ಓರಗಿತ್ತಿಯ ಕೈಗೆ ಹೆಸರು ಕೆಟ್ಟದ್ದೂ ಅಲ್ಲಿಯೇ. ಅತ್ತೆ ತಾವು ಮದುವೆಯಾಗಿ ಬಂದ ವರ್ಷ ಹಾಕಿದ ಅಲಸಂದೆ ಬಾವಿಯ ರಾಟೆಗೆ ಹಬ್ಬಿ, ನೀರು ಸೇದಲು ಬಿಡದಷ್ಟು ಬೆಳೆದಿತ್ತಂತೆ. ಈ ಕಥೆಯನ್ನು ಅವರು ಹೇಳುವಾಗ ಬಳ್ಳಿ ವರ್ಷಕ್ಕೊಂದು ಗೇಣು ಉದ್ದವಾಗುತ್ತಿತ್ತು. ಆದರೆ ಊರಿನ ಹಳಬರೂ ಹೌದು ಎನ್ನುತ್ತಿದ್ದರು, ಹಾಗಾಗಿ ಬುಡವಿಲ್ಲದ ಮಾತಲ್ಲ.

ಆ ಜಾಗವೇ ಏಕೆಂದರೆ, ತೋಟದಲ್ಲಿ ಬಿಸಿಲು ಬೀಳುವ ತಾವು ಅದೊಂದೇ. ಇನ್ನೊಂದು ಕಾರಣವನ್ನು ಅತ್ತೆಯೇ ಹೆಮ್ಮೆಯಿಂದ ಹೇಳಿದರು. "ಇಲ್ಲಿ ಕಳೆ ಅನ್ನೋದೇ ಬರಲ್ಲ ನೋಡು. ಅಷ್ಟು ಚೊಕ್ಕ ಜಾಗ ಇದು." ಕಳೆ ಕಿತ್ತು ಕಿತ್ತು ಬೆನ್ನು ಬಾಗಿದ್ದ ನನಗೆ ಇಂಥ ನೆಲವೂ ಉಂಟೇ ಎಂದು ಖುಷಿಯಾಯಿತು. ಪಕ್ಕದಲ್ಲಿ ಮೂರು ಡ್ರಮ್ಮುಗಳು ಬೋರಲು ಬಿದ್ದಿದ್ದವು. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ಔಷಧಿ ಅಲ್ಲೇ ತಯಾರಾಗುತ್ತಿತ್ತು. ಡ್ರಮ್ಮಿನ ಸುತ್ತಲ ಮಣ್ಣಿಗೆ ಸ್ವಲ್ಪ ಹಸಿರು ಬಣ್ಣ ಹತ್ತಿತ್ತು. ನಾನು ಪಾಚಿ ಎಂದುಕೊಂಡೆ.

ನಾನು ಕಾಳು ಹಾಕುವಾಗ ಅತ್ತೆ ಪಕ್ಕದಲ್ಲಿ ನಿಂತಿದ್ದರು. ಓರಗಿತ್ತಿ, ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ, ದೂರದಲ್ಲಿ ತೆಂಗಿನ ಬುಡದಲ್ಲಿ ನಿಂತಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಲ್ಲುವುದು ಅವಳ ರೂಢಿ. ಬಾಣಂತಿಯ ಮುಂದೆ, ಬೀಜದ ಮುಂದೆ, ಹಾಲು ಕಾಯುವ ಒಲೆಯ ಮುಂದೆ ಹಾಗೆ ನಿಲ್ಲುತ್ತಿದ್ದಳು. ಅವಳಿಗೆ ಚಳಿ ಜಾಸ್ತಿ ಎಂದು ಮೊದಮೊದಲು ನಾನು ತಿಳಿದಿದ್ದೆ.

ಕಾಳು ಮೊಳೆಯಿತು. ಎರಡು ಎಲೆ, ನಾಲ್ಕು ಎಲೆ ಬಂತು. ನಾನು ಬೆಳಿಗ್ಗೆ ನೀರಿಗೆ ಹೋದಾಗೆಲ್ಲ ನೋಡಿ, ಮನಸ್ಸಿನಲ್ಲೇ ಮೀಸೆ ತಿರುವುತ್ತಿದ್ದೆ. ಆಮೇಲೆ ಗಿಡ ನಿಂತಲ್ಲೇ ನಿಂತಿತು. ಎಲೆಯ ನರ ಮಾತ್ರ ಹಸಿರು ಉಳಿದು ಮಿಕ್ಕದ್ದೆಲ್ಲ ಹಳದಿಗೆ ತಿರುಗಿತು. ನೀರು ಹಾಕಿದೆ, ಬೂದಿ ಹಾಕಿದೆ, ಯಾರೂ ಇಲ್ಲದಾಗ ಅದರೊಂದಿಗೆ ಮಾತೂ ಆಡಿದೆ. ಮಳೆ ಚೆನ್ನಾಗಿಯೇ ಬರುತ್ತಿತ್ತು. ದೂರಲು ಅದೂ ಸಿಗಲಿಲ್ಲ. ಗಿಡಗಳು ಮೊಳಕಾಲುದ್ದವೂ ಆಗದೆ ಎಲೆ ಉದುರಿಸಿದವು.

ಅತ್ತೆ ಕೂಗಾಡುವವರಲ್ಲ, ಬೈಯುವವರೂ ಅಲ್ಲ. ನಾನು ಬಂದಾಗಿನಿಂದ ಸಂಜೆ ಹಾಲಿಗೆ ಹೆಪ್ಪು ಹಾಕುವ ಕೆಲಸ ನನ್ನದಾಗಿತ್ತು. ಆ ಸಂಜೆ ನಾನು ಮಜ್ಜಿಗೆ ಬಟ್ಟಲು ತೆಗೆದುಕೊಂಡರೆ ಅವರು ಮೆಲ್ಲಗೆ ಅದನ್ನು ನನ್ನ ಕೈಯಿಂದ ಇಸಿದುಕೊಂಡು, "ನಾನ್ ಹಾಕ್ತೀನಿ ಬಿಡು, ನಿಂಗೆ ಬ್ಯಾರೆ ಕೆಲಸ ಐತೆ" ಎಂದರು. ಅಷ್ಟೇ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಹಿತ್ತಲಿನಲ್ಲಿ ಪಾತ್ರೆಗಳ ಮೇಲೆ ಅದನ್ನು ತೀರಿಸಿಕೊಳ್ಳುತ್ತಿದ್ದಾಗ ಅಕ್ಕ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ನಾನು ತೊಳೆದಿಟ್ಟದ್ದನ್ನು ಒಂದೊಂದಾಗಿ ಬೋರಲು ಹಾಕಿದಳು. ಕೊನೆಗೆ, "ಅಭ್ಯಾಸ ಆಗುತ್ತೆ" ಎಂದಳು. ನನ್ನನ್ನು ಸಮಾಧಾನ ಮಾಡಲೆಂದೇ ಅವಳು ಹೇಳಿದ್ದು. ಆದರೆ ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಅವಳಿಗೆ ಅಭ್ಯಾಸ ಆಗಿಹೋಗಿತ್ತು. ಇವಳ ಕೈಯನ್ನೂ ನನ್ನ ಕೈಯನ್ನೂ ಈ ಅಪವಾದದಿಂದ ಬಿಡಿಸದೆ ಇರಬಾರದು ಎಂದು ಆವತ್ತು ಹಟ ಹತ್ತಿತು. ಹೇಗೆ ಎಂಬುದು ಗೊತ್ತಿರಲಿಲ್ಲ.

ಮರುದಿನ ಆ ಸೊರಗಿದ ಗಿಡಗಳಲ್ಲಿ ಒಂದನ್ನು ಕಿತ್ತು ನೋಡಿದೆ. ನಮ್ಮೂರಿನಲ್ಲಿ ಕಳೆ ತೆಗೆಯುವಾಗ ಅಲಸಂದೆ ಗಿಡ ಅಕಸ್ಮಾತ್ ಕಿತ್ತು ಬಂದರೆ ಬೇರು ನೋಡದೆ ಎಸೆಯುತ್ತಿರಲಿಲ್ಲ. ಬೇರಿಗೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಉಗುರಲ್ಲಿ ಒಡೆದರೆ ಒಳಗೆ ಕೆಂಪಗೆ, ಎಳೆ ಮಾಂಸದ ಬಣ್ಣ. ಕೆಂಪಗಿದ್ದರೆ ಗಿಡ ಗಟ್ಟಿ, ಮುಂದಿನ ಬೆಳೆಗೂ ನೆಲ ಗಟ್ಟಿ ಎಂದು ಲೆಕ್ಕ. ಈ ಗಿಡದ ಬೇರು ಬೋಳು. ಮೋಟಾಗಿ, ಕಂದಾಗಿ, ತುದಿ ಸುಟ್ಟ ಹಾಗೆ ಇತ್ತು. ಒಂದೇ ಒಂದು ಗಂಟಿರಲಿಲ್ಲ. ಇನ್ನೊಂದು ಕಿತ್ತೆ, ಮತ್ತೊಂದು ಕಿತ್ತೆ. ಎಲ್ಲವೂ ಅದೇ.

ನಾಗರಪಂಚಮಿಗೆ ತವರಿಗೆ ಹೋದಾಗ ಜೋಕಾಲಿ ಕಡೆಗೂ ಹೋಗದೆ ನೆಟ್ಟಗೆ ಹೊಲಕ್ಕೆ ಹೋಗಿ ಅಲಸಂದೆ ಕಿತ್ತೆ. ಬೇರಿನ ತುಂಬ ಗಂಟು. ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಕೈಗುಣದ ವಿಷಯಕ್ಕೆ ನಕ್ಕರು, ಬೇರಿನ ವಿಷಯಕ್ಕೆ ಮಾತ್ರ ನಗಲಿಲ್ಲ. "ಹೊಸಾ ನೆಲಕ್ಕೆ ಅಲಸಂದಿ ಹಾಕಾಕೆ ಮುಂಚೆ ಹಳೇ ಹೊಲದ ಒಂದಿಷ್ಟು ಮಣ್ಣು ಕಾಳಿನ ಜೊತಿಗೆ ಕಲಸ್ತೀವಲ್ಲ, ನೆನಪಿಲ್ಲೇನು? ಆ ಮಣ್ಣಾಗೆ ಗಂಟಿನ ಜೀವ ಇರುತ್ತೆ. ನಿಮ್ಮ ತೋಟದಾಗೆ ಅದು ಇಲ್ಲೇನೋ. ಒಯ್ದು ಹಾಕು" ಎಂದರು. ಹಳೆಯ ಪಂಚೆಯ ತುಂಡಿನಲ್ಲಿ ಮಣ್ಣು ಕಟ್ಟಿ, ಜೊತೆಗೆ ಒಂದಿಷ್ಟು ಕಾಳನ್ನೂ ಕೊಟ್ಟರು.

ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಗಂಟು ಎತ್ತಿ ನೋಡಿ, "ಏನವ್ವಾ, ಪಂಚಮಿಗೆ ಹೋದೋರು ಉಂಡಿ ತರ್ತಾರೆ, ನೀನು ಮಣ್ಣು ಹೊತ್ಕಂಡು ಬಂದೀಯ?" ಎಂದ. ಬಸ್ಸೆಲ್ಲ ನಕ್ಕಿತು. "ಉಂಡಿ ತಿಂದ್ರೆ ಮುಗೀತು, ಇದು ಹಂಗಲ್ಲ" ಎಂದು ಹೇಳಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಮಣ್ಣಿನಲ್ಲಿ ಅರ್ಧವನ್ನು ಬಾವಿಕಟ್ಟೆಯ ನೆಲಕ್ಕೆ ಕಲಸಿ ಮತ್ತೆ ಕಾಳು ಹಾಕಿದೆ. ಉಳಿದರ್ಧವನ್ನು ಒಡೆದ ಬಾನಿಯೊಂದಕ್ಕೆ ತುಂಬಿ ಹಿತ್ತಲ ಗೋಡೆಯ ಮೇಲಿಟ್ಟು ಅದರಲ್ಲೂ ಹಾಕಿದೆ. ಅದೇ ಕಾಳು, ಅದೇ ನಾನು. ಬಾನಿಯ ಅಲಸಂದೆ ಗೋಡೆ ಇಳಿದು ಬಂತು. ಬಾವಿಕಟ್ಟೆಯದು ಮತ್ತೆ ಹಳದಿಯಾಯಿತು. ಕಿತ್ತು ನೋಡಿದರೆ ಮತ್ತೆ ಬೋಳು ಬೇರು. ತವರಿನ ಮಣ್ಣೂ ಅಲ್ಲಿ ಸೋತುಹೋಯಿತಲ್ಲ ಎಂದು ನನಗೆ ಏನೂ ತೋಚದಾಯಿತು.

ಆದರೂ ಬಾನಿ ತೋರಿಸಿ ಅತ್ತೆಯ ಹತ್ತಿರ ವಾದಕ್ಕೆ ನಿಂತೆ. ನನ್ನ ಕೈ ಕೆಟ್ಟದ್ದಾದರೆ ಇದು ಹೇಗೆ ಬಂತು ಎಂದು ಕೇಳಿದೆ. ಅತ್ತೆ ಎಲೆಯನ್ನು ಸವರಿ ನೋಡಿ, "ನಿಮ್ಮೂರ ಮಣ್ಣಿಗೆ ನಿಮ್ಮೂರ ಕಾಳು ಹಾಕೀಯ. ಬರ್ದೆ ಏನ್ ಮಾಡುತ್ತೆ? ಈ ಮನಿ ನೆಲದಾಗೆ ಬರ್ಬೇಕು ಕಣವ್ವಾ, ಈ ಮನಿ ಸೊಸಿ ಕೈಯಾಗೆ" ಎಂದರು. ವಕೀಲರಾಗಬೇಕಿತ್ತು ಅವರು. ನನಗೆ ತಡೆಯಲಾಗಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾಗ, ಮಾವನವರ ಎದುರಿಗೇ ಹೇಳಿಬಿಟ್ಟೆ. "ಹಂಗಾದ್ರೆ ಬರೋ ಮುಂಗಾರಿಗೆ ನೀವೇ ಹಾಕ್ರಿ ಅತ್ತೆ. ನಿಮ್ಮ ಕೈ ಊರಿಗೇ ಗೊತ್ತಲ್ಲ."

ಮಾವನವರ ತುತ್ತು ಬಾಯಿಯ ಹತ್ತಿರ ನಿಂತಿತು. ನನ್ನ ಗಂಡ ತಟ್ಟೆಯಲ್ಲಿ ಏನೋ ಹುಡುಕತೊಡಗಿದರು. ಅತ್ತೆ ಒಬ್ಬರೇ ಆರಾಮಾಗಿದ್ದರು. "ಹಾಕ್ತೀನಿ. ಅದ್ರಾಗೇನೈತೆ?" ಎಂದರು.

ಮಾತಿಗೆ ತಪ್ಪಲಿಲ್ಲ. ಮುಂದಿನ ಮುಂಗಾರಿಗೆ ಮಡಿಯುಟ್ಟು, ಪೂರ್ವಕ್ಕೆ ಮುಖ ಮಾಡಿ ಕಾಳು ಹಾಕಿದರು. ನಾನು ದಿನಾ ಕದ್ದು ನೋಡುತ್ತಿದ್ದೆ. ಹಳದಿಯಾಗಲಿ ಎಂದು ಹಾರೈಸಿದೆನೋ, ಹಸಿರಾಗಲಿ ಎಂದು ಹಾರೈಸಿದೆನೋ, ಈಗ ಹೇಳಲಾರೆ. ಹಳದಿಯಾಯಿತು.

ಗೆದ್ದೆ ಎಂದು ಕುಣಿಯಬೇಕೆಂದು ಇಡೀ ವರ್ಷ ಕಾದಿದ್ದವಳು ನಾನು. ಆದರೆ ಅತ್ತೆ ನೆಲವನ್ನು ದೂರಲೇ ಇಲ್ಲ. ಬಾವಿಕಟ್ಟೆಯ ಮೇಲೆ ಕೂತು ತಮ್ಮ ಅಂಗೈಯನ್ನೇ ತಿರುವಿ ತಿರುವಿ ನೋಡಿಕೊಂಡರು. "ನನ್ನ ಕೈಯೂ ಹೋಯ್ತು" ಎಂದರು. ಆ ಸಂಜೆ ಹೆಪ್ಪಿನ ಬಟ್ಟಲನ್ನು ನನ್ನ ಕಡೆ ಚಾಚಿ, ಅರ್ಧದಲ್ಲಿ ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಅಕ್ಕನ ಕಡೆ ನೋಡಿದರು. ಅವಳು ಆಗಲೇ ಕೈಗಳನ್ನು ಸುತ್ತಿಕೊಂಡು ಹಿಂದೆ ಸರಿದಿದ್ದಳು. ಕಡೆಗೆ ಪಕ್ಕದ ಮನೆಯಾಕೆಯನ್ನು ಕೂಗಿ ಕರೆದರು. ಮೂವರು ಹೆಂಗಸರಿರುವ ಮನೆಗೆ ದಿನಾ ಸಂಜೆ ಹೆಪ್ಪು ಹಾಕಲು ಪಕ್ಕದ ಮನೆಯಾಕೆ ಬರತೊಡಗಿದಳು. ಮೊದಲ ದಿನ ಅವಳಿಗೆ ಅದು ಗೌರವ, ವಾರ ಕಳೆಯುವಷ್ಟರಲ್ಲಿ ಪೀಡೆ. "ನಿಮ್ಮ ಮನ್ಯಾಗೆ ಕೈಯೇ ಇಲ್ಲೇನ್ರೇ?" ಎಂದು ಗೊಣಗುತ್ತ ಬಂದು ಹಾಕಿ ಹೋಗುತ್ತಿದ್ದಳು. ನಗು ಬರುವಂಥದ್ದೇ. ಆದರೆ ಅತ್ತೆ ಊಟ ಕಡಿಮೆ ಮಾಡಿದ್ದರು, ಬೀಜದ ಮಡಿಕೆಗಳ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು. ಅದನ್ನು ನೋಡಿ ನನಗೆ ನಗು ಬರಲಿಲ್ಲ, ನಿಜವಾಗಿ ನೋವಾಯಿತು.

ಅದೇ ಮಳೆಗಾಲದಲ್ಲಿ ಔಷಧಿ ಹೊಡೆಯುವ ದಿನಗಳು ಬಂದವು. ನನ್ನ ಗಂಡ ಹೊನ್ನಾಳಿ ಸಂತೆಯ ದಿನ ಹೋಗಿ ಮೈಲುತುತ್ತ ತಂದಿದ್ದರು, ನೀಲಿ ಹರಳು, ಕಲ್ಲುಸಕ್ಕರೆಯಷ್ಟು ಚೆಂದ. ಒಂದು ಡ್ರಮ್ಮಿನಲ್ಲಿ ತುತ್ತ ಕರಗಿಸುವುದು, ಇನ್ನೊಂದರಲ್ಲಿ ಸುಣ್ಣ ಕದಡುವುದು, ಎರಡನ್ನೂ ಮೂರನೆಯದಕ್ಕೆ ಸುರಿಯುವುದು. ಆಮೇಲೆ ಕುಡುಗೋಲಿನ ತುದಿ ಅದ್ದಿ ನೋಡುವುದು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುವುದು. ಹೀಗೆ ಮಾಡಿದ ಔಷಧಿ ಆವತ್ತಿಗೆ ಮಾತ್ರ. ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು. ಆದ್ದರಿಂದ ಸಂಜೆ ಉಳಿದದ್ದನ್ನೆಲ್ಲ ಅಲ್ಲೇ ಚೆಲ್ಲಿ, ಡ್ರಮ್ಮು ತೊಳೆದು ಆ ನೀರನ್ನೂ ಅಲ್ಲೇ ಚೆಲ್ಲುತ್ತಿದ್ದರು. ಹಿಂದಿನ ವರ್ಷವೂ ನಾನು ಇದನ್ನೆಲ್ಲ ಕಂಡಿದ್ದೆ. ಕಂಡೂ ನೋಡಿರಲಿಲ್ಲ.

ಆವತ್ತು ಆ ನೀಲಿ ನೀರು ಬಾವಿಕಟ್ಟೆಯ ತುಂಡು ನೆಲದ ಕಡೆಗೇ ಇಳಿದು, ಅತ್ತೆಯ ಸತ್ತ ಅಲಸಂದೆಯ ಬುಡದಲ್ಲಿ ನಿಂತಿತು. ಅದನ್ನು ನೋಡುತ್ತಿದ್ದಂತೆ ನನಗೆ ತವರಿನ ಬಿತ್ತನೆಯ ಹಿಂದಿನ ದಿನ ನೆನಪಾಯಿತು. ಜೋಳದ ತೆನೆಗೆ ಕಾಡಿಗೆ ರೋಗ ಬಾರದಿರಲಿ ಎಂದು ಅಪ್ಪ ಬೀಜವನ್ನು ತುತ್ತದ ನೀರಿನಲ್ಲಿ ಅದ್ದುತ್ತಿದ್ದರು. ಆಗ ಅಕ್ಕಡಿಯ ಅಲಸಂದೆಯನ್ನು ದೂರ, ಬೇರೆ ಮೊರದಲ್ಲಿ ಇಡಿಸುತ್ತಿದ್ದರು. "ಅದಕ್ಕೆ ಈ ನೀರು ಸಿಡಿಸಬ್ಯಾಡ್ರಿ. ಗಂಟು ಕಟ್ಟಲ್ಲ" ಎಂದು ಪ್ರತಿ ವರ್ಷ ಗದರುತ್ತಿದ್ದರು. ಎಷ್ಟು ಸಲ ಕೇಳಿದ್ದೆನೆಂದರೆ ಅದು ಮಾತು ಎಂದೇ ನನಗೆ ಅನ್ನಿಸಿರಲಿಲ್ಲ.

ಓಡಿಹೋಗಿ ಅತ್ತೆಯನ್ನು ಕೈಹಿಡಿದು ಎಳೆದುಕೊಂಡು ಬಂದೆ. "ನೀವು ಮದುವೆ ಆಗಿ ಬಂದಾಗ ಈ ಡ್ರಮ್ಮು ಇದ್ವಾ ಅತ್ತೆ?"

"ಎಲ್ಲಿ ಡ್ರಮ್ಮು? ಆಗೆಲ್ಲ ಗೊನಿಗೆ ಹಾಳೆ ಕಟ್ತಿದ್ರು. ಔಷಧಿ ಅನ್ನೋದೇ ಇರ್ಲಿಲ್ಲ."

"ಅಕ್ಕ ಬಂದಾಗ?"

ಡ್ರಮ್ಮು, ನೀಲಿ ನೀರು, ತುಂಡು ನೆಲ, ಎಲ್ಲದರ ಮೇಲೂ ಅತ್ತೆಯ ಕಣ್ಣು ಹೋಗಿ ಬಂತು. "ದೊಡ್ಡವನ ಮದುವಿ ಹೊತ್ತಿಗೆ ಡ್ರಮ್ಮು ಬಂದು ಏಸೋ ಮಳೆಗಾಲ ಆಗಿತ್ತು" ಎಂದರು, ಬಹಳ ನಿಧಾನವಾಗಿ.

ಮಾವನವರಿಗೆ ನನ್ನ ಮಾತು ರುಚಿಸಲಿಲ್ಲ. ಆ ಔಷಧಿಯನ್ನು ಊರಿಗೆ ಮೊದಲು ತಂದವರು ಅವರು. "ಮಳಿ ಹಿಡಿದಾಗ ಊರಾಗೆಲ್ಲ ಗೊನಿ ಉದುರ್ತಿದ್ರೆ ನಮ್ಮವು ಉಳಿದಿದ್ದು ಇದರಿಂದ. ಅಡಿಕಿ ಮರಕ್ಕೆ ಏನಾಗೈತೆ ಹೇಳು" ಎಂದರು. ಅದೂ ನಿಜವೇ. ಅಡಿಕೆ ಮರಕ್ಕೆ ಬೇರಿನ ಗಂಟು ಬೇಕಿಲ್ಲ ಎಂದೆ. ಅವರು ಗುದ್ದಲಿ ತಂದು ತುಂಡು ನೆಲವನ್ನು ಒಂದು ಕಡೆ ಅಗೆದರು, ಆಮೇಲೆ ಕಾಲುವೆಯ ಪಕ್ಕ ಅಗೆದರು. ಕಾಲುವೆಯ ಪಕ್ಕದ ಹೆಂಟೆಯಲ್ಲಿ ಎರೆಹುಳು ಮಿಸುಕಾಡುತ್ತಿದ್ದವು. ಡ್ರಮ್ಮಿನ ಪಕ್ಕದ ಹೆಂಟೆಯನ್ನು ಪುಡಿ ಮಾಡಿ ಮಾಡಿ ನೋಡಿದರು. ಒಂದು ಹುಳುವೂ ಇರಲಿಲ್ಲ. ಗುದ್ದಲಿ ತೊಳೆದು ಇಟ್ಟರು. ಮರುದಿನ ನೋಡಿದರೆ ಡ್ರಮ್ಮುಗಳು ಬಂಡೆಯ ಮೇಲೆ ಹೋಗಿದ್ದವು. ಉಳಿದ ಔಷಧಿ ಚೆಲ್ಲಲು ಒಂದು ಗುಂಡಿ ತೆಗೆಸಿದರು.

ಆದರೆ ಅತ್ತೆಗೆ ಕಣ್ಣಾರೆ ಕಾಣಬೇಕಿತ್ತು. ಮುಂದಿನ ಮುಂಗಾರಿಗೆ ಊರ ಮೇಲಿನ ನಮ್ಮ ಖುಷ್ಕಿ ಹೊಲದಲ್ಲಿ, ತುತ್ತದ ಹನಿಯೂ ಬೀಳದ ನೆಲದಲ್ಲಿ, ಮೂರು ಸಾಲು ಹೊಡೆಸಿದರು. ಸಾಲಿಗೊಬ್ಬರಂತೆ ಅತ್ತೆ, ಅಕ್ಕ, ನಾನು ಅಲಸಂದೆ ಹಾಕಬೇಕು. ಆ ದಿನ ಅಕ್ಕ ತಾನು ಹೊರಗಾಗಿದ್ದೇನೆ, ಬೀಜ ಮುಟ್ಟುವಂತಿಲ್ಲ ಎಂದಳು. ಸರಿ, ನಾವಿಬ್ಬರೂ ಹಾಕಿ ಬಂದೆವು. ಅವಳು ನೀರು ಹಾಕಿಕೊಂಡ ಮೇಲೆ ಒಬ್ಬಳೇ ಹೋಗಿ ತನ್ನ ಸಾಲು ಹಾಕಿ ಬಂದಳು.

ಮೂರೂ ಸಾಲು ಬಂದವು. ಬಂದವೆಂದರೆ ಯಾವ ಸಾಲು ಎಲ್ಲಿ ಮುಗಿಯಿತು ಎಂದು ತಿಳಿಯದಷ್ಟು. ಅತ್ತೆ ಮೂರರಿಂದಲೂ ಒಂದೊಂದು ಗಿಡ ಕೀಳಿಸಿ, ಗಂಟು ಒಡೆಸಿ, ಬೆಳಕಿಗೆ ಹಿಡಿದು ನೋಡಿದರು. ಮೂರೂ ಕೆಂಪು. ಆ ಸಂಜೆ ಅವರೇ ಹೆಪ್ಪು ಹಾಕಿದರು. ಮರುದಿನ ನನಗೆ ಕೊಟ್ಟರು. ಪಕ್ಕದ ಮನೆಯಾಕೆ ನಿಟ್ಟುಸಿರು ಬಿಟ್ಟದ್ದು ಗೋಡೆಯಾಚೆಗೂ ಕೇಳಿರಬೇಕು. ಅಕ್ಕನಿಗೆ ಕೊಡಹೋದರೆ ಮಾತ್ರ, "ಇರ್ಲಿ ಬಿಡ್ರಿ, ಅವಳೇ ಹಾಕ್ತಾಳೆ" ಎಂದು ಜಾರಿಕೊಂಡಳು. ಇಷ್ಟು ವರ್ಷದ ಸಂಕೋಚ ಒಂದು ದಿನಕ್ಕೆ ಹೋಗುತ್ತದೆಯೇ, ನಿಧಾನವಾಗಿ ಸರಿಯಾಗುತ್ತಾಳೆ ಎಂದುಕೊಂಡೆ. ನನ್ನ ಹಟ ಗೆದ್ದಿತ್ತಲ್ಲ, ಆ ಸಂತೋಷದಲ್ಲಿ ಹೆಚ್ಚು ಕೆದಕಲಿಲ್ಲ.

ಬಾವಿಕಟ್ಟೆಯ ನೆಲವನ್ನು ನಾನು ಬಿಡಲಿಲ್ಲ. ಡ್ರಮ್ಮು ಹೋಯಿತಲ್ಲ, ಎರಡು ಮಳೆ ತೊಳೆದರೆ ಸರಿಹೋಗುತ್ತದೆ ಎಂದು ತಿಳಿದಿದ್ದೆ. ಸರಿಹೋಗಲಿಲ್ಲ. ಉಪ್ಪಾದರೆ ನೀರಿಗೆ ಕರಗಿ ಹೋಗುತ್ತದೆ. ತಾಮ್ರ ಹೋಗುವುದಿಲ್ಲ, ಮಣ್ಣನ್ನು ಕಚ್ಚಿಕೊಂಡು ಕೂರುತ್ತದೆ. ಬುಟ್ಟಿಗಟ್ಟಲೆ ಕೊಟ್ಟಿಗೆ ಗೊಬ್ಬರ ಹೊತ್ತು ಹಾಕಿದೆ, ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಹೊಡೆಸಿದೆ. ಪ್ರತಿ ವರ್ಷ ಒಂದು ಹಿಡಿ ಅಲಸಂದೆ ಹಾಕಿ ಬೇರು ನೋಡುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಲ್ಲಿ ಗಂಟು ಕಾಣಿಸಿತು. ಒಡೆದರೆ ಒಳಗೆ ಬಿಳಿ. ಗಂಟಿತ್ತು, ಕೆಲಸ ಮಾಡುತ್ತಿರಲಿಲ್ಲ. ಆ ಹೊತ್ತಿಗೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮದಲ್ಲಿ ಯಾರೋ ಒಬ್ಬರು, ಬೇರಿನ ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಾಣುಗಳಿವೆ, ಅವು ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಉಣ್ಣಿಸುತ್ತವೆ, ಮಣ್ಣಿನಲ್ಲಿ ತಾಮ್ರ ಹೆಚ್ಚಾದರೆ ಅವಕ್ಕೆ ಉಳಿಗಾಲವಿಲ್ಲ ಎಂದು ಹೇಳಿದರು. ನಾವು ಅತ್ತೆ ಸೊಸೆಯರು ಅಡಿಕೆ ಸುಲಿಯುವುದನ್ನು ನಿಲ್ಲಿಸಿ ಕೇಳಿದೆವು. ಕಳೆಯೂ ಬಾರದ ಆ ನೆಲವನ್ನು ಚೊಕ್ಕ ಜಾಗ ಎಂದು ಮೆರೆಸಿದ್ದನ್ನು ನೆನೆದು ಅತ್ತೆ ತಮಗೆ ತಾವೇ ತಲೆ ಚಚ್ಚಿಕೊಂಡರು. "ಹುಲ್ಲಿಗೂ ಬ್ಯಾಡಾದ ನೆಲಕ್ಕೆ ಹೆಣ್ಮಕ್ಕಳ ಕೈ ಕೊಟ್ಟು ನೋಡಿದ್ನಲ್ಲೇ" ಎಂದರು. ಅಕ್ಕ ತಲೆಯೆತ್ತದೆ ಸುಲಿಯುತ್ತಲೇ ಇದ್ದಳು.

ಅದಾದ ಕೆಲವು ವರ್ಷಕ್ಕೆ ಕಿರಿಯ ಮೈದುನನ ಮದುವೆಯಾಯಿತು. ಹುಡುಗಿ ನ್ಯಾಮತಿಯ ಕಡೆಯವಳು. ಮುಂಗಾರು ಬಂತು. ಅತ್ತೆ ಹೇಳಿದರು, ಇನ್ನು ಈ ಮನೆಯಲ್ಲಿ ಯಾರ ಕೈಯನ್ನೂ ಪರೀಕ್ಷೆ ಮಾಡುವುದಿಲ್ಲ, ಆದರೆ ಹೊಸ ಸೊಸೆ ಒಂದು ಹಿಡಿ ಕಾಳು ಹಾಕುವ ಸಂತೋಷ ಬಿಡುವುದು ಬೇಡ, ಮೇಲಿನ ಹೊಲದಲ್ಲಿ ಹಾಕಲಿ, ಅವಳ ಕೈಗೆ ಕಾಳು ಕೊಡುವವಳು ಹಿರಿಯ ಸೊಸೆ. ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಅತ್ತೆಯೇ ಮಡಿಕೆಯಿಂದ ಕಾಳು ತೆಗೆದು ಮೊರಕ್ಕೆ ಹಾಕಿ ಅಕ್ಕನ ಮುಂದೆ ಹಿಡಿದರು.

ಅಕ್ಕ ತೆಗೆದುಕೊಳ್ಳಲಿಲ್ಲ.

"ಬ್ಯಾಡ ಅತ್ತೆ. ಆ ಹುಡುಗಿಗೆ ನನ್ನ ಕೈಲಿ ಕೊಡಿಸಬ್ಯಾಡ್ರಿ."

"ಯಾಕೆ? ನಿನ್ನ ಕೈಗೇನಾಗೈತೆ? ಮೇಲಿನ ಹೊಲದಾಗೆ ನಿನ್ನ ಸಾಲು ಹೆಂಗೆ ಬಂದಿತ್ತು, ನಾವೆಲ್ಲಾ ನೋಡಿಲ್ವಾ?"

"ಅದು ನನ್ನ ಸಾಲಲ್ಲ" ಎಂದಳು ಅಕ್ಕ.

ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತಾ, ಒಂದೊಂದೇ ಮಾತು ಹೊರಗೆ ತಂದಳು. ಆ ವರ್ಷ ಹೊರಗಾಗಿದ್ದೇನೆ ಎಂದದ್ದು ಸುಳ್ಳಂತೆ. ನಮ್ಮಿಬ್ಬರ ಜೊತೆ ನಿಂತು ಕಾಳು ಹಾಕಲು ಧೈರ್ಯ ಬರಲಿಲ್ಲವಂತೆ. ಆಮೇಲೆ ಒಬ್ಬಳೇ ಹೋದಾಗಲೂ ಸಾಲಿನ ತಲೆಯಲ್ಲಿ ಕಾಳು ಹಿಡಿದು ಬಹಳ ಹೊತ್ತು ನಿಂತಳಂತೆ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸನ್ನು ಕರೆದು ಅವಳ ಕೈಯಲ್ಲಿ ಹಾಕಿಸಿ, ತಾನು ಆ ಕಡೆ ಮುಖ ತಿರುಗಿಸಿ ನಿಂತಿದ್ದಳಂತೆ.

"ನಿಮ್ಮಿಬ್ಬರದೂ ಬಂದು, ನಂದೊಂದೇ ಒಣಗಿದ್ರೆ?" ಎಂದು ಕೇಳಿದಳು. "ನೆಲದ ತಪ್ಪು ಅಂತ ಇವಳು ಹೇಳಿದ್ದು ನಂಗೂ ತಿಳೀತು. ರೇಡಿಯೋದೋರು ಹೇಳಿದ್ದೂ ತಿಳೀತು. ಆದ್ರೆ ಒಳಗೆ ನಂಬಾಕ್ ಆಗ್ಲಿಲ್ಲ."

ಅವಳು ಬಂದಾಗಿನಿಂದ ನೆಲದ ಮೇಲೆ ಡ್ರಮ್ಮಿತ್ತು, ಅವಳ ಮೇಲೆ ಕೈಗುಣವಿಲ್ಲ ಎಂಬ ಮಾತಿತ್ತು. ಡ್ರಮ್ಮನ್ನು ಎತ್ತಿ ಬಂಡೆಯ ಮೇಲಿಟ್ಟಾಗ ಎಲ್ಲ ಮುಗಿಯಿತೆಂದು ನಾನು ತಿಳಿದಿದ್ದೆ. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಅಳು ಬಂತು.

ಅತ್ತೆ ಮೊರವನ್ನು ಕೆಳಗಿಡಲಿಲ್ಲ. ಅಕ್ಕನನ್ನು ಹೊಸ ಸೊಸೆಯ ಹತ್ತಿರ ಕರೆದುಕೊಂಡು ಹೋಗಲೂ ಇಲ್ಲ. ಅಲ್ಲೇ ಅಂಗಳದ ಮೂಲೆಯಲ್ಲಿ, ತುಳಸಿ ಕಟ್ಟೆಯ ಹಿಂದಿನ ಹಸಿ ಮಣ್ಣನ್ನು ಕಾಲಬೆರಳಲ್ಲಿ ಕೆದರಿ, "ಇಲ್ಲಿ ಹಾಕು" ಎಂದರು. ಅಕ್ಕ ಅಲುಗಾಡಲಿಲ್ಲ.

"ಹಾಕು. ಬಂದ್ರೆ ಸಾರಿಗಾಯ್ತು. ಬರ್ಲಿಲ್ಲ ಅಂದ್ರೆ ಕಾಳು ಹುಳ ಹಿಡಿದಿತ್ತು ಅಂತೀನಿ, ಮಳಿ ಜಾಸ್ತಿ ಆಯ್ತು ಅಂತೀನಿ, ಕೋಳಿ ಕೆದರ್ತು ಅಂತೀನಿ. ನಿನ್ನ ಕೈ ಅನ್ನಲ್ಲ. ಈಗ್ಲೇ ಹೇಳ್ತಿದೀನಿ ಕೇಳು, ಇನ್ನೊಂದ್ಸಲ ಅನ್ನಲ್ಲ."

ಅಕ್ಕ ಅತ್ತೆಯ ಮುಖವನ್ನು ನೆಟ್ಟಗೆ ನೋಡಿದಳು. ಅಷ್ಟು ವರ್ಷದಲ್ಲಿ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಮೊರದಿಂದ ಒಂದು ಹಿಡಿ ಕಾಳು ತೆಗೆದುಕೊಂಡಳು.

"ಈ ಮಾತನ್ನ ಆವತ್ತೇ ಅಂದಿದ್ರೆ ಆಗ್ತಿತ್ತಲ್ಲ ಅತ್ತೆ" ಎಂದಳು.

"ಹೂಂ ಕಣವ್ವಾ" ಎಂದರು ಅತ್ತೆ. "ಆಗ್ತಿತ್ತು."